ಗೆಂಡುಮಕ್ಕಳ ಕಡಲ ಚಡ್ಡಿಯೂ ಹೆಮ್ಮಕ್ಕಳ ಹೊಲಿಗೆ ಮಿಶನೂ



ಚಡ್ಡಿಗೂ ಒಂದು ಚರಿತ್ರೆ ಇದ್ದು ಹೇಳಿರೆ ನೆಗೆ ಮಾಡೆಡಿ. ಸೀರೆಯ ಚರಿತ್ರೆ ಬರದವು ಎಷ್ಟೋ ಜೆನ ಇದ್ದವು, ಚಿನ್ನದ ಚರಿತ್ರೆ ಬರದವುದೇ ಇದ್ದವು. ಗೆಂಡುಮಕ್ಕೊ ಕಡಲಿಂಗೆ ಇಳಿವಗ ಹಾಕುವ ಮೊಳಪ್ಪು ವರೆಗಾಣ ಚಡ್ಡಿ, ಅದರ ಮೇಲೆ ಹೂಗಿನ ಅಂಗಿ, ಕಾಲಿಂಗೆ ರಬ್ಬರು ಜೋಡು – ಇದರ ಬಗ್ಗೆ ನಮ್ಮ ಹಾಂಗಿಪ್ಪ ಮನೆವಾರ್ತೆಯ ಹೆಮ್ಮಕ್ಕೊ ಎಂತಕೆ ತಲೆ ಕೆಡುಸೆಕ್ಕು ಹೇಳಿ ನಿಂಗೊ ಕೇಳುವಿ. ಎಂತಕೆ ಹೇಳಿರೆ, ಮನೆಲಿ ಅದರ ಪೇಟೆಂದ ತಪ್ಪದೂ ಹೆಚ್ಚಾಗಿ ನಾವೇ, ಒಗವದೂ ನಾವೇ, ಹರುದರೆ ಹೊಲಿವದೂ ನಾವೇ. ಮತ್ತೆ ಆ ಚಡ್ಡಿಯ ಬುಡ ಹುಡ್ಕಿಯೊಂಡು ಹೋದರೆ ಅಲ್ಲಿಯುದೇ ಕೂದೊಂಡಿಪ್ಪದು ಹೆಮ್ಮಕ್ಕಳೇ. ಒಂದು ಕೋಣೆ, ಒಂದು ಹೊಲಿಗೆ ಮಿಶನು, ಎದುರು ಒಂದು ರಾಶಿ ವಸ್ತ್ರ. ಇದರ ಓದಿ ತಿಳುದ ಮೇಲೆ ನಿಂಗೊಗೆ ಹೇಳದ್ದೆ ಕೂಪಲೆ ಎನಗೆ ಎಡಿಗಾಯಿದಿಲ್ಲೆ.

ಸುರು ಮಾಡೆಕ್ಕಾದ್ದು ಹವಾಯಿಂದ. ಶಾಂತ ಮಹಾಸಾಗರದ ನೆಡುಕೆ ಇಪ್ಪ ದ್ವೀಪಂಗೊ ಅದು. ಮರದ ಹಲಗೆಯ ಮೇಲೆ ನಿಂದೊಂಡು ಅಲೆಯ ಬೆನ್ನಿಲಿ ಕರೆಗೆ ಬಪ್ಪ ಆಟ, ಈಗ ಎಲ್ಲೋರೂ ಸರ್ಫಿಂಗ್ ಹೇಳ್ತವನ್ನೆ, ಅದು ಅಲ್ಲಿಯಾಣವಕ್ಕೆ ಹಳೇ ಕಾಲಂದಲೇ ಗೊಂತಿತ್ತು. ಅವರ ಭಾಷೆಲಿ ಅದಕ್ಕೆ ಹೆಎ ನಲು ಹೇಳಿ ಹೆಸರು. ಅರಸನ ಮನೆಯವೂ ಆಡುಗು, ಸಾಮಾನ್ಯರೂ ಆಡುಗು, ಹೆಮ್ಮಕ್ಕಳೂ ಆಡುಗು. ಅಂಬಗ ಹಾಕಿಯೊಂಡಿದ್ದದು ಎಂತರ? ಗೆಂಡುಮಕ್ಕೊಗೆ ಮಾಲೊ ಹೇಳ್ತ ಒಂದು ಕಟ್ಟು. ನಮ್ಮ ಅಜ್ಜಂದ್ರ ಕೋಮಣ ಇಲ್ಲೆಯೋ, ಹೆಚ್ಚು ಕಮ್ಮಿ ಹಾಂಗೇ. ಕೆಲವು ಸರ್ತಿ ಅದೂ ಇಲ್ಲೆ.

ಆ ಮಾಲೊದ ವಸ್ತ್ರ ಹತ್ತಿದೂ ಅಲ್ಲ, ಮಗ್ಗಲ್ಲಿ ನೇದದ್ದೂ ಅಲ್ಲ. ಹಿಪ್ಪುನೇರಳೆಯ ಕುಟುಂಬದ ಒಂದು ಸೆಸಿಯ ಚೋಲಿಂದ ಮಾಡಿದ್ದು. ಅದಕ್ಕೆ ಕಪ ಹೇಳುದು. ಸೆಸಿಯ ಕಡುದು, ಹೆರಾಣ ಚೋಲಿಯ ಕೆರಸಿ ತೆಗದು, ಒಳಾಣ ನಾರಿನ ನೀರಿಲಿ ಬೊದುಳುಸಿ, ಮರದ ಕೊಡತಿಲಿ ಬಡುದು ಬಡುದು ತೆಳು ಮಾಡುದು. ತುಂಡಿಂಗೆ ತುಂಡು ಸೇರ್ಸಿ ಬಡುದರೆ ದೊಡ್ಡ ವಸ್ತ್ರ ಆತು. ಬೆದುರಿನ ಕಡ್ಡಿಲಿ ಚಿತ್ರ ಕೆತ್ತಿ, ಬಣ್ಣಲ್ಲಿ ಅದ್ದಿ, ಮೇಲಂದ ಅಚ್ಚು ಒತ್ತುದು. ಈ ಬಡಿವ ಕೆಲಸ, ಅಚ್ಚು ಒತ್ತುವ ಕೆಲಸ ಹೆಮ್ಮಕ್ಕಳದ್ದು. ಹಾಂಗಾಗಿ ಅಲೆಯ ಮೇಲೆ ನಿಂದ ಆ ಗೆಂಡುಗಳ ಸೊಂಟದ ವಸ್ತ್ರವೂ ಹೆಮ್ಮಕ್ಕಳ ಬೆಗರಿಂದಲೇ ಬಂದದು.

1778ರಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಕುಕ್ ಆ ದ್ವೀಪಕ್ಕೆ ಎತ್ತಿದ°. ಅವನ ಹಿಂದಂದ ವ್ಯಾಪಾರಿಗೊ ಬಂದವು. 1820ರಲ್ಲಿ ಅಮೇರಿಕಂದ ಕ್ರಿಶ್ಚಿಯನ್ ಮಿಶನರಿಗೊ ಬಂದವು. ಮೈ ಮುಚ್ಚದ್ದೆ ಗೆಂಡೂ ಹೆಣ್ಣೂ ಒಟ್ಟಿಂಗೆ ನೀರಾಟ ಆಡುದು ಅವಕ್ಕೆ ಸರಿ ಕಂಡಿದಿಲ್ಲೆ. ಹೆರಂದ ಬಂದ ರೋಗಂಗೊ ಅಲ್ಲಿಯಾಣ ಜೆನಂಗಳ ಸಾಲುಸಾಲಾಗಿ ಕೊಂಡೋತು. ಹಡಗಿಲಿ ಹತ್ತಿ ವಸ್ತ್ರ ಬಂದಪ್ಪಗ ಕಪ ಬಡಿವ ಶಬ್ದವೂ ಕಮ್ಮಿ ಆತು. 19ನೇ ಶತಮಾನದ ಅಕೇರಿಗಪ್ಪಗ ಅಲೆಯ ಮೇಲೆ ನಿಂಬವು ಕೈ ಬೆರಳಿಲಿ ಲೆಕ್ಕ ಮಾಡುವಷ್ಟು ಒಳುದವೋ ಹೇಳುವ ಹಾಂಗಾತು.

ಇತ್ಲಾಗಿ ಇಂಗ್ಲೆಂಡಿನ ಕಥೆ ಬೇರೆಯೇ. ಅಲ್ಲಿ ಮದಲಿಂಗೆ ಗೆಂಡುಮಕ್ಕೊ ಕಡಲಿಲಿ ಬತ್ತಲೆ ಮೀವದು ಸಾಮಾನ್ಯ ಆಗಿತ್ತು. ಹೆಮ್ಮಕ್ಕೊಗೆ ಚಕ್ರ ಇಪ್ಪ ಮರದ ಗೂಡು ಇತ್ತು. ಅದರ ಒಳ ಕೂದು ವಸ್ತ್ರ ಬದಲ್ಸುದು, ಗೂಡಿನ ಕುದುರೆ ನೀರಿಂಗೆ ಎಳಕ್ಕೊಂಡು ಹೋಪದು, ಅಲ್ಲಿ ಮೆಟ್ಳಿಂದ ಮೆಲ್ಲಂಗೆ ಇಳಿವದು. 19ನೇ ಶತಮಾನದ ಅರ್ಧ ಕಳುದ ಮತ್ತೆ ಗೆಂಡುಮಕ್ಕೊಗೂ ಮೈ ಮುಚ್ಚೆಕ್ಕು ಹೇಳುವ ನಿಯಮಂಗೊ ಒಂದೊಂದೇ ಊರಿಲಿ ಬಂತು. ಅಂಬಗ ಬಂದದೇ ಉಣ್ಣೆಯ ಮೀವ ಅಂಗಿ. ಭುಜಂದ ಮೊಳಪ್ಪಿನ ಹತ್ರೆ ವರೆಗೆ ಒಂದೇ ತುಂಡು, ಅಡ್ಡ ಗೀಟು ಗೀಟು. ಉಣ್ಣೆ ಕಂಬುಳಿಯ ನೀರಿಲಿ ಅದ್ದಿ ತೆಗದು ನೋಡಿದವಕ್ಕೆ ಗೊಂತಿಕ್ಕು, ಅದು ನೀರು ಕುಡುದರೆ ಎಷ್ಟು ಭಾರ ಹೇಳಿ. ಒಣಗಿಪ್ಪಗ ಮೈಗೆ ತಾಗಿಯೊಂಡು ಚೆಂದ ನಿಂಗು, ಚೆಂಡಿ ಆದಪ್ಪಗ ಕೆಳ ಜಾರುಗು. ಗೆಂಡುಮಕ್ಕೊ ಒಂದು ಕೈಲಿ ಈಜಿ ಇನ್ನೊಂದು ಕೈಲಿ ವಸ್ತ್ರ ಹಿಡ್ಕೊಳೆಕ್ಕಾದ ಸ್ಥಿತಿ!

ಈ ಮರ್ಯಾದೆಯ ಲೆಕ್ಕಾಚಾರಲ್ಲಿ ಒಂದು ಭಾರೀ ತಮಾಷೆ ಆಸ್ಟ್ರೇಲಿಯದ ಸಿಡ್ನಿಲಿ ಆತು. 1907ರಲ್ಲಿ ಅಲ್ಲಿಯಾಣ ಒಂದು ಊರಿನ ಮೇಯರು, ಇನ್ನು ಮೇಲೆ ಕಡಲಿಲಿ ಮೀವ ಗೆಂಡುಮಕ್ಕೊ ಸೊಂಟಂದ ಕೆಳ ಲಂಗದ ಹಾಂಗೆ ಇಪ್ಪ ಒಂದು ವಸ್ತ್ರ ಹಾಕೆಕ್ಕು ಹೇಳಿ ಹೆರಟ°. ಗೆಂಡುಮಕ್ಕೊಗೆ ಕೋಪ ಬಂತು. ಆ ವರ್ಷದ ಅಕ್ಟೋಬರ್ ತಿಂಗಳ ಒಂದು ಆಯಿತ್ಯವಾರ ಬೊಂಡಾಯ್, ಮ್ಯಾನ್ಲಿ, ಕೂಜಿ ಹೇಳ್ತ ಕಡಲ ಕರೆಲಿ ಮೆರವಣಿಗೆ ಹೆರಟವು. ಹೇಂಗೆ ಹೇಳ್ತಿ? ಮನೆಯ ಹೆಮ್ಮಕ್ಕಳ ಒಳಲಂಗ, ಕಿಟಿಕಿಯ ಪರದೆ, ಮೇಜಿನ ಮೇಲಾಣ ವಸ್ತ್ರ ಎಲ್ಲ ಸುತ್ತಿಯೊಂಡು! ಇಡೀ ಊರೇ ನೆಗೆ ಮಾಡಿತ್ತು. ಆ ನಿಯಮ ಅಲ್ಲಿಗೇ ಬಿದ್ದತ್ತು. ಎನಗೆ ಓದುವಗ ಬಂದ ಒಂದೇ ಒಂದು ಪ್ರಶ್ನೆ – ಮರದಿನ ಆ ಉಪ್ಪು ನೀರಿನ ಪರದೆಗಳ ಎಲ್ಲ ಒಗದ್ದು ಆರಪ್ಪಾ?

ಅಮೇರಿಕಲ್ಲಿಯೂ ಹಾಂಗೇ. ಗೆಂಡುಮಕ್ಕೊ ಅಂಗಿ ಹಾಕದ್ದೆ ಕಡಲ ಕರೆಲಿ ನೆಡವಲಾಗ ಹೇಳುವ ನಿಯಮ 1930ರ ದಶಕಲ್ಲಿಯೂ ಎಷ್ಟೋ ಊರಿಲಿ ಇತ್ತು. 1935ರಲ್ಲಿ ಅಟ್ಲಾಂಟಿಕ್ ಸಿಟಿ ಹೇಳ್ತಲ್ಲಿ ಎದೆ ಬಿಟ್ಟೊಂಡು ಬಂದ 42 ಗೆಂಡುಮಕ್ಕಳ ಪೋಲೀಸರು ಹಿಡುದು ದಂಡ ಹಾಕಿದವು. ಎರಡು ಮೂರು ವರ್ಷ ಕಳುದಪ್ಪಗ ಅಂಗಿ ಬೇಡ ಹೇಳುದೇ ಕ್ರಮ ಆತು. ನಮ್ಮ ಊರಿಲಿ ಅಜ್ಜಂದ್ರು ಬೈರಾಸು ಸುತ್ತಿ ಕೆರೆಲಿ ಮಿಂದು, ಅದೇ ಚೆಂಡಿ ವಸ್ತ್ರಲ್ಲಿ ಜಾಲಿಲಿ ನೆಡಕ್ಕೊಂಡು ಬಕ್ಕು. ಅದರ ಆರೂ ತಪ್ಪು ಹೇಳಿದ್ದವಿಲ್ಲೆ. ಅದೇ ಅಜ್ಜಂದ್ರು ಪುಳ್ಳಿ ಮೊಳಪ್ಪಿಂದ ಮೇಲೆ ಚಡ್ಡಿ ಹಾಕಿ ಹೆರಟರೆ "ಇದೆಂತ ವೇಷ?" ಹೇಳಿ ಕೇಳುಗು. ಮರ್ಯಾದೆ ಇಪ್ಪದು ವಸ್ತ್ರದ ಉದ್ದಲ್ಲಿ ಅಲ್ಲ, ನೋಡಿ ಅಭ್ಯಾಸ ಆದ ಕಣ್ಣಿಲಿ. ಚರಿತ್ರೆ ಓದಿರೆ ಇದು ಸರೀ ಗೊಂತಾವ್ತು.

ಇನ್ನು ಪುನಾ ಹವಾಯಿಗೆ ಬಪ್ಪೊ°. ಅಲ್ಲಿ ಆ ಆಟ ಪೂರಾ ಸತ್ತಿದಿಲ್ಲೆ. 20ನೇ ಶತಮಾನದ ಸುರುವಿಲಿ ವೈಕಿಕಿ ಕರೆಯ ಮಾಣಿಯಂಗೊ ಅದರ ಪುನಾ ಎದ್ದು ನಿಲ್ಲುಸಿದವು. ಜಾರ್ಜ್ ಫ್ರೀತ್ ಹೇಳ್ತವ° 1907ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಿ ಅಲೆಯ ಮೇಲೆ ನಿಂದು ತೋರ್ಸಿದ°. ಡ್ಯೂಕ್ ಕಹನಮೊಕು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿಲಿ 100 ಮೀಟರು ಈಜಿಲಿ ಚಿನ್ನ ಗೆದ್ದ°, ಮತ್ತೆ ಸಿಡ್ನಿಗೆ ಹೋಗಿ ಆಸ್ಟ್ರೇಲಿಯದವಕ್ಕೆ ಸರ್ಫಿಂಗ್ ತೋರ್ಸಿದ°. 1925ರಲ್ಲಿ ಕ್ಯಾಲಿಫೋರ್ನಿಯಲ್ಲಿ ಒಂದು ದೋಣಿ ಮೊಗಚ್ಚಿಪ್ಪಗ ಅದೇ ಹಲಗೆ ಹಿಡ್ಕೊಂಡು ಅಲೆಗೆ ನುಗ್ಗಿ 8 ಜೆನರ ಜೀವ ಒಳಿಶಿದ°. ಆದರೆ ಇವೆಲ್ಲ ಹಾಕಿಯೊಂಡಿದ್ದದು ಅದೇ ಉಣ್ಣೆಯ ವಸ್ತ್ರ. ಸರ್ಫಿಂಗಿಂಗೆ ಹೇಳಿಯೇ ಒಂದು ಒಸ್ತ್ರ ಇತ್ತಿದ್ದಿಲ್ಲೆ.

ಈಜುವವಂಗೂ ಹಲಗೆಲಿ ಹೋಪವಂಗೂ ವಸ್ತ್ರದ ಅಗತ್ಯ ಬೇರೆ ಬೇರೆ. ಹಲಗೆ ಜಾರದ್ದ ಹಾಂಗೆ ಅದಕ್ಕೆ ಮೇಣ ಉದ್ದುತ್ತವು. ಮೇಣಕ್ಕೆ ಹೊಯಿಗೆ ಅಂಟಿರೆ ಅದು ಉಪ್ಪುಕಾಗದದ ಹಾಂಗೆ. ಅದರ ಮೇಲೆ ಕೂದು, ಹೊಟ್ಟೆ ಅಡಿ ಹಾಕಿ ಮನುಗಿ, ಕಾಲು ಅತ್ಲಾಗಿ ಇತ್ಲಾಗಿ ಹಾಕಿ ಗಂಟೆಗಟ್ಲೆ ಇಪ್ಪಗ ತೆಳು ವಸ್ತ್ರ ಹರಿಗು, ತೊಡೆಯ ಚೋಲಿಯೂ ಕೆರಗು. ಹಾಂಗಾಗಿ ಆಗಾಣ ಮಾಣಿಯಂಗೊ ನೌಕಾಪಡೆಯವು ಹಾಕಿ ಬಿಟ್ಟ ಬೆಳಿ ಪೇಂಟಿನ ಹಳೇ ವಸ್ತ್ರದ ಅಂಗುಡಿಂದ ಕಮ್ಮಿ ಪೈಸೆಗೆ ತಂದು, ಮೊಳಪ್ಪಿಲಿ ಕತ್ತರ್ಸಿ ಹಾಕಿಯೊಂಡವು. ಅದುವೇ ಸರ್ಫ್ ಚಡ್ಡಿಯ ಅಜ್ಜ°. 1950ರ ದಶಕಲ್ಲಿ ಹವಾಯಿಯ ವೈಯಾನಯೆ ಹೇಳ್ತ ಊರಿಲಿ ಮಿನೋರು ನಿಯಿ ಹೇಳ್ತ ಜಪಾನಿ ಮೂಲದ ದರ್ಜಿ ಅಳತೆ ತೆಗದು ಹೊಲುದು ಕೊಡ್ಲೆ ಸುರು ಮಾಡಿದ°. ಗಟ್ಟಿ ಹತ್ತಿ ವಸ್ತ್ರ, ಪಕ್ಕಲ್ಲಿ ಗೀಟು, ಮೇಣದ ತುಂಡು ಮಡಗಲೆ ಒಂದು ಕಿಸೆ. ಹತ್ರಾಣ ಮಕಾಹ ಕಡಲಿಂಗೆ ದೊಡ್ಡ ಅಲೆ ಹುಡ್ಕಿ ಬಪ್ಪ ಮಾಣಿಯಂಗೊ ಅವನ ಅಂಗುಡಿಗೆ ಹೋಗದ್ದೆ ಹೋಗವು.

ಇನ್ನು ಬತ್ತು ಹೆಮ್ಮಕ್ಕಳ ಅಧ್ಯಾಯ.

ಕ್ಯಾಲಿಫೋರ್ನಿಯದ ಸರ್ಫ್‌ಸೈಡ್ ಹೇಳ್ತ ಸಣ್ಣ ಊರಿಲಿ ವಾಲ್ಟರ್ ಕೇಟಿನ್, ನ್ಯಾನ್ಸಿ ಕೇಟಿನ್ ಹೇಳಿ ಗೆಂಡ° ಹೆಂಡತಿ ಇತ್ತಿದ್ದವು. ದೋಣಿಗೆ ಮುಚ್ಚುವ ಗಟ್ಟಿ ಕ್ಯಾನ್ವಾಸಿನ ಹೊಲಿವದು ಅವರ ಕಸುಬು. 1950ರ ದಶಕಲ್ಲಿ ಕಾರ್ಕಿ ಕ್ಯಾರಲ್ ಹೇಳ್ತ ಸಣ್ಣ ಮಾಣಿ ಒಬ್ಬ° ಬಂದು, ಎಷ್ಟು ಚಡ್ಡಿ ತಂದರೂ ಹರಿತ್ತು, ಗಟ್ಟಿದು ಒಂದು ಹೊಲುದು ಕೊಡ್ತಿರೋ ಹೇಳಿ ಕೇಳಿದ°. ದೋಣಿಯ ಕ್ಯಾನ್ವಾಸಿಲಿಯೇ ಒಂದು ಹೊಲುದು ಕೊಟ್ಟವು. ಸುರುವಿಂಗೆ ಅದು ಎಷ್ಟು ಬಿಗಿ ಹೇಳಿರೆ ನೆಲಲ್ಲಿ ಮಡಗಿರೆ ಅದುವೇ ನಿಂಗು! ಆದರೆ ಹರಿಯ. ಆ ಮಾಣಿ ಮುಂದೆ ಹೆಸರು ಹೋದ ಸರ್ಫಿಂಗ್ ಚಾಂಪಿಯನ್ ಆದ°, ಚಡ್ಡಿಗೂ ಹೆಸರು ಬಂತು.

1960ರ ದಶಕಲ್ಲಿ ಅವರ ಅಂಗುಡಿಗೆ ಹೊಲಿವಲೆ ಬಂದದು ಸಾಟೋ ಹ್ಯೂಸ್ ಹೇಳ್ತ ಜಪಾನಿ ಮೂಲದ ಹೆಮ್ಮಕ್ಕೊ. ಎರಡು ದಶಕಂದ ಹೆಚ್ಚು ಕಾಲ ಆ ಮಿಶನಿನ ಎದುರು ಕೂದವು ಅವು. 1967ರಲ್ಲಿ ವಾಲ್ಟರ್ ತೀರಿಹೋದ ಮತ್ತೆ ನ್ಯಾನ್ಸಿ ಒಬ್ಬನೇ ಅಂಗುಡಿ ನೆಡಶಿದವು, 1977ರಲ್ಲಿ ಒಂದು ಸರ್ಫಿಂಗ್ ಸ್ಪರ್ಧೆಯನ್ನೂ ಸುರು ಮಾಡುಸಿದವು. 1986ರಲ್ಲಿ ನ್ಯಾನ್ಸಿ ತೀರಿಹೋಪಗ ಆ ಅಂಗುಡಿಯ ಆರಿಂಗೆ ಬರದು ಮಡಗಿತ್ತಿದ್ದವು ಗೊಂತಿದ್ದೋ? ಆ ಹೊಲಿಗೆಯ ಸಾಟೋಗೂ ಅವರ ಮಗಂಗೂ. ಇದರ ಓದಿ ಆನು ರಜ ಹೊತ್ತು ಪುಸ್ತಕ ಮಡುಸಿ ಕೂದೆ. ಹೊಲಿವವಕ್ಕೆ ಕೂಲಿ ಕೊಟ್ಟು ಕಳುಸಿದ ಕಥೆ ಲೋಕಲ್ಲಿ ಲಕ್ಷ ಇದ್ದು. ಅಂಗುಡಿಯನ್ನೇ ಕೊಟ್ಟ ಕಥೆ ಎಷ್ಟು ಇಕ್ಕು?

ಎರಡ್ನೆದು ಕ್ಯಾರಿ ಬರ್ಡ್‌ವೆಲ್ ಮಾನ್ ಹೇಳ್ತ ಹೆಮ್ಮಕ್ಕಳ ಕಥೆ. ಕ್ಯಾಲಿಫೋರ್ನಿಯದ ಸಾಂಟಾ ಆನ ಊರಿನ ಅವರ ಮನೆಲಿಯೇ 1961ರಲ್ಲಿ ಚಡ್ಡಿ ಹೊಲಿವಲೆ ಸುರು ಮಾಡಿದವು. ಅವು ಹತ್ತಿಯ ಬಿಟ್ಟು ನೈಲಾನು ಹಿಡುದವು. ನೈಲಾನು ಹೇಳುದು 1938ರಲ್ಲಿ ಡುಪಾಂಟ್ ಕಂಪೆನಿಯವು ಲೋಕಕ್ಕೆ ತೋರ್ಸಿದ ನೂಲು. 1940ರಲ್ಲಿ ಅಮೇರಿಕದ ಹೆಮ್ಮಕ್ಕಳ ಕಾಲುಚೀಲ ಆಗಿ ಅಂಗುಡಿಗೆ ಬಂತು, ಯುದ್ಧಲ್ಲಿ ಪ್ಯಾರಾಶೂಟ್ ಆತು. ನೀರು ಕುಡಿಯ, ಬೇಗ ಒಣಗುತ್ತು, ಎಳದರೆ ಹರಿಯ. ಕ್ಯಾರಿ ಅಮ್ಮ ಎರಡು ಪದರ ನೈಲಾನು ಒಟ್ಟಿಂಗೆ ಹಾಕಿ, ದೋಣಿಯ ಹಾಯಿಯ ಹಾಂಗೆ ಗಟ್ಟಿ ಹೊಲಿಗೆ ಹಾಕಿದವು. ಮನೆಂದ ಸುರು ಆದ ಆ ಕೆಲಸ ಒಂದು ಕಾರ್ಖಾನೆ ಆತು. ಇಂದಿಂಗೂ ಆ ಚಡ್ಡಿಯ ಬರ್ಡ್‌ವೆಲ್ ಹೇಳ್ತ ಅವರ ಹೆಸರಿಲಿಯೇ ಮಾರುತ್ತವು.

ಮೂರ್ನೆದು ಹ್ಯಾಂಗ್ ಟೆನ್. 1960ರಲ್ಲಿ ಡ್ಯೂಕ್ ಬಾಯ್ಡ್ ಹೇಳ್ತ ಸರ್ಫಿಂಗ್ ಮರುಳಿನವ° ಒಬ್ಬ° ಒಂದು ಗಟ್ಟಿ ಚಡ್ಡಿಯ ಯೋಚನೆ ತಲೆಲಿ ಹೊತ್ತೊಂಡು ಡೋರಿಸ್ ಮೂರ್ ಹೇಳ್ತ ಹೆಮ್ಮಕ್ಕಳ ಹತ್ರೆ ಬಂದ°. ಯೋಚನೆ ಅವಂದು, ಹೊಲಿಗೆಯ ವಿದ್ಯೆ ಅವರದ್ದು. ಇಬ್ರೂ ಸೇರಿ ಕಂಪೆನಿ ಕಟ್ಟಿದವು. ಹಲಗೆಯ ಎದುರಾಣ ಕೊಡಿಲಿ ಕಾಲಿನ ಹತ್ತು ಬೆರಳೂ ಹೆರ ನೇಲುವ ಹಾಂಗೆ ನಿಂಬ ಒಂದು ಚಮತ್ಕಾರಕ್ಕೆ ಆ ಹೆಸರು. ಚಡ್ಡಿಲಿ ಎರಡು ಸಣ್ಣ ಪಾದದ ಕಸೂತಿ. ಆ ಪಾದದ ಗುರ್ತವ ನಮ್ಮ ಪೇಟೆಯ ಅಂಗಿಗಳಲ್ಲಿಯೂ ನಿಂಗೊ ಕಂಡಿಪ್ಪಿ.

ಈ ಮೂರು ಹೆಸರಿನನ್ನೂ ಮನಸಿಲಿ ಮಡಿಕ್ಕೊಳ್ಳಿ – ಸಾಟೋ, ಕ್ಯಾರಿ, ಡೋರಿಸ್. ಅಲೆಯ ಮೇಲೆ ನಿಂದ ಗೆಂಡುಮಕ್ಕಳ ಪಟ ಎಲ್ಲ ದಿಕ್ಕೆ ಇದ್ದು. ಅವು ಹರುದ ಚಡ್ಡಿಲಿ ಕರೆಗೆ ಬಾರದ್ದ ಹಾಂಗೆ ನೋಡಿದವು ಇವು.

ಹೂಗಿನ ಅಂಗಿಯದ್ದೂ ಹಾಂಗೇ. ಹವಾಯಿಲಿ ಕಬ್ಬಿನ ತೋಟಲ್ಲಿ ಕೆಲಸ ಮಾಡ್ಲೆ ಜಪಾನು, ಚೀನಾ, ಫಿಲಿಪೈನ್ಸಿಂದ ಜೆನಂಗೊ ಬಂದಿತ್ತಿದ್ದವು. ಜಪಾನಿನವರ ಕಿಮೊನೊದ ಹೂಗು ಹೂಗಿನ ವಸ್ತ್ರಲ್ಲಿ ಅಂಗಿ ಹೊಲಿವ ಕ್ರಮ ಹೊನೊಲುಲುವಿನ ದರ್ಜಿಗಳ ಅಂಗುಡಿಲಿ ಬಂತು. 1935ರಲ್ಲಿ ಮುಸಾ ಶಿಯಾ ಹೇಳ್ತ ಅಂಗುಡಿಯವು ಅಲೋಹಾ ಅಂಗಿ ಹೇಳಿ ಪೇಪರಿಲಿ ಜಾಹೀರಾತು ಹಾಕಿದವು. ಎಲ್ಲೆರಿ ಚುನ್ ಹೇಳ್ತ ಚೀನೀ ಮೂಲದ ವ್ಯಾಪಾರಿ ಆ ಹೆಸರಿನ ತನ್ನ ಹೆಸರಿಂಗೆ ನೋಂದಣಿ ಮಾಡುಸಿದ°. ಪುಸ್ತಕಂಗಳಲ್ಲಿ ಅವನ ಹೆಸರು ದೊಡ್ಡಕ್ಕೆ ಇರ್ತು. ಆ ಅಂಗಿಗೆ ಹವಾಯಿಯ ಹೂಗು, ಮೀನು, ತೆಂಗಿನ ಮರದ ಚಿತ್ರ ಬರದು ಕೊಟ್ಟದು ಅವನ ತಂಗೆ ಎಥೆಲ್ ಚುನ್ ಲಮ್. ಹೇಳಿದೆನ್ನೆ, ಹುಡ್ಕಿಯೊಂಡು ಹೋದರೆ ಸಿಕ್ಕುತ್ತವು.

ಮುಂದಾಣ ಕಥೆ ಬೇಗ ಹೇಳ್ತೆ. 1969ರ ಸುಮಾರಿಂಗೆ ಆಸ್ಟ್ರೇಲಿಯದ ಟಾರ್ಕಿ ಊರಿಲಿ ಕ್ವಿಕ್‌ಸಿಲ್ವರ್ ಹೇಳ್ತ ಕಂಪೆನಿ ಸುರು ಆತು. ಅವು ಸೊಂಟದ ಪಟ್ಟಿಯ ಹಿಂದೆ ರಜ ಎತ್ತರ, ಎದುರು ರಜ ತಗ್ಗು ಮಾಡಿದವು. ಹಲಗೆಯ ಮೇಲೆ ಬಗ್ಗಿಪ್ಪಗ ಹಿಂದೆ ಕೆಳ ಜಾರಲಾಗನ್ನೆ, ಅದಕ್ಕೆ. ಜಿಪ್ಪಿನ ಬದಲು ವೆಲ್ಕ್ರೋ – ನಾವು ಪರಪರ ಪಟ್ಟಿ ಹೇಳುದು – ಹಾಕಿದವು. ಜಿಪ್ಪು ಉಪ್ಪು ನೀರಿಂಗೆ ಕಿಲುಬು ಹಿಡಿಗು, ಹೊಟ್ಟೆ ಅಡಿ ಹಾಕಿ ಮನುಗುವಗ ಕುತ್ತುಗು. 1990ರ ದಶಕಲ್ಲಿ ಚಡ್ಡಿ ಮೊಳಪ್ಪಿಂದಲೂ ಕೆಳ ಇಳುದತ್ತು. ಅದೇ ದಶಕಲ್ಲಿ ರಾಕ್ಸಿ ಹೇಳುವ ಹೆಸರಿಲಿ ಹೆಮ್ಮಕ್ಕೊಗೆ ಹೇಳಿಯೇ ಹೊಲುದ ಸರ್ಫ್ ಚಡ್ಡಿ ಬಂತು. ಅದರ ಹಾಕಿಯೊಂಡು ಅಲೆಗೆ ಇಳುದ ಲೀಸಾ ಆಂಡರ್ಸನ್ 1994ರಿಂದ 1997ರ ವರೆಗೆ ಸಾಲಾಗಿ ನಾಲ್ಕು ಸರ್ತಿ ವಿಶ್ವ ಚಾಂಪಿಯನ್ ಆತು. ಅಷ್ಟು ವರ್ಷ ಗೆಂಡುಮಕ್ಕೊಗೆ ಹೊಲುದು ಕೊಟ್ಟ ಜಾತಿ, ಅಕೇರಿಗೆ ತನಗೂ ಒಂದು ಹೊಲುಶಿಯೊಂಡತ್ತು ಹೇಳಿ ಎನಗೆ ಕೊಶಿ ಆತು. ಅಲೆಯ ಆಟ ಒಲಿಂಪಿಕ್ಸಿಂಗೆ ಎತ್ತಿದ್ದು 2021ರಲ್ಲಿ, ಟೋಕಿಯೋದ ಕೂಟಲ್ಲಿ.

ನಮ್ಮಲ್ಲಿ ಇಂಥಾ ಚಡ್ಡಿಗೆಲ್ಲ ಬರ್ಮುಡಾ ಹೇಳಿಯೇ ಹೆಸರು. ಆದರೆ ಬರ್ಮುಡಾ ಹೇಳುದು ಅಟ್ಲಾಂಟಿಕ್ ಸಾಗರದ ಒಂದು ದ್ವೀಪ. ಅಲ್ಲಿಯಾಣವು ಮೊಳಪ್ಪಿಂದ ರಜ ಮೇಲಾಣ ಇಸ್ತ್ರಿ ಚಡ್ಡಿಗೆ ಉದ್ದ ಕಾಲುಚೀಲ, ಕೋಟು, ಟೈ ಎಲ್ಲ ಹಾಕಿ ಆಪೀಸಿಂಗೆ ಹೋವ್ತವು. ಬ್ರಿಟಿಷ್ ಸೈನ್ಯದ ಬೇಸಗೆಯ ಚಡ್ಡಿಂದ ಬಂದದು ಅದು. ನಮ್ಮ ಮಾಣಿಯಂಗೊ ಹೂಗಿನ ಚಡ್ಡಿಗೆ ಅದೇ ಹೆಸರು ಹೇಳುದು ಕೇಳಿರೆ ಆ ದ್ವೀಪದವು ನೆಗೆ ಮಾಡುಗು. ಇನ್ನು ನಮ್ಮ ಹವಾಯಿ ಜೋಡು – ಎರಡು ಪಟ್ಟಿ, ಬೆರಳ ಸಂದಿಲಿ ಒಂದು ಕುತ್ತಿ – ಜಪಾನಿನ ಹುಲ್ಲಿನ ಜೋಡಿನ ರಬ್ಬರು ಅವತಾರ. ಬ್ರೆಜಿಲ್ ದೇಶಲ್ಲಿಯೂ 1962ರಿಂದ ಮಾಡುವ ಇಂಥಾ ಜೋಡಿಂಗೆ ಹವಾಯಾನಸ್ ಹೇಳಿ ಹೆಸರು, ಅರ್ಥ ಹವಾಯಿಯವು ಹೇಳಿ. ಎಲ್ಲಿಯ ಹವಾಯಿ, ಎಲ್ಲಿಯ ನಮ್ಮ ಮೆಟ್ಟುಕಲ್ಲು!

ಇದೆಲ್ಲ ದೂರದ ಕಥೆ ಹೇಳಿ ಬಿಡೆಡಿ. ನಮ್ಮ ಮುಲ್ಕಿಲಿ ಸರ್ಫಿಂಗ್ ಕಲಿಶುಲೆ ಸುರುವಾಗಿ ಇಪ್ಪತ್ತು ವರ್ಷದ ಹತ್ರೆ ಆತು. ಶಾಂಭವಿ ಹೊಳೆ ಕಡಲು ಸೇರುವ ಹೊಡೆಂದ ಸಸಿಹಿತ್ಲು ವರೆಗೆ ಹಲಗೆ ಹಿಡ್ಕೊಂಡ ಮಕ್ಕೊ ಕಾಂಬಲೆ ಸಿಕ್ಕುತ್ತವು. 2016ರಲ್ಲಿ ಮಂಗಳೂರಿನ ಕರೆಲಿ ದೇಶದ ಮಟ್ಟದ ಸರ್ಫಿಂಗ್ ಸ್ಪರ್ಧೆಯೇ ಆತು. ಮೀನುಗಾರರ ಮಕ್ಕೊ ಇದರಲ್ಲಿ ಭಾರೀ ಹುಷಾರಿ, ಕಡಲು ಅವಕ್ಕೆ ಜಾಲಿನ ಹಾಂಗೆ. ಹಾಂಗಾಗಿ "ಅತ್ತೇ, ಮಾಣಿ ಸರ್ಫಿಂಗ್ ಕಲಿವಲೆ ಹೋವ್ತ°, ಎಂತ ಚಡ್ಡಿ ತೆಗೆಯೆಕ್ಕು?" ಹೇಳಿ ಕೇಳುವ ಸೊಸೆಯಕ್ಕೊ ಈಗ ನಮ್ಮ ನೆಂಟರಿಲಿಯೂ ಇದ್ದವು. ಈ ಚರಿತ್ರೆಯ ತಿಳುದವಕ್ಕೆ ಉತ್ತರ ಕಷ್ಟ ಇಲ್ಲೆ.

ಮದಾಲು ಕೆಲಸ ಎಂತರ ಹೇಳಿ ನೋಡಿ. ಹಲಗೆಲಿ ಹೋಪಲೆ ಆದರೆ ಸೊಂಟಲ್ಲಿ ಇಲಾಸ್ಟಿಕ್ ಮಾತ್ರ ಇಪ್ಪದು ಬೇಡ, ಅಲೆಯ ಪೆಟ್ಟಿಂಗೆ ಜಾರುಗು. ಗಟ್ಟಿ ಪಟ್ಟಿ, ಲಾಡಿ, ವೆಲ್ಕ್ರೋ ಇರೆಕ್ಕು. ಬರೇ ಈಜಲೆ, ನೀರಿಲಿ ಆಡ್ಲೆ ಆದರೆ ಇಲಾಸ್ಟಿಕ್ಕಿಂದೂ ಒಳ ಬಲೆ ಇಪ್ಪದೂ ಸಾಕು. ಬಲೆ ಇಪ್ಪದರ ಹಾಕಿ ಹಲಗೆಲಿ ಕೂದರೆ ತೊಡೆ ಕೆರಗು. ಹೊಯಿಗೆಲಿ ನೆಡವಲೆ, ಸಂಜೆಗೆ ಕೂದು ಚುರುಮುರಿ ತಿಂಬಲೆ ಆದರೆ ಹತ್ತಿಯ ಚಡ್ಡಿಯಷ್ಟು ಹಿತ ಬೇರೆ ಇಲ್ಲೆ. ಆದರೆ ಅದರ ಹಾಕಿ ನೀರಿಂಗೆ ಇಳಿವಲಾಗ. ಉಣ್ಣೆಯ ಕಥೆ ಓದಿದ್ದಿ ಅಲ್ಲದೋ, ಹತ್ತಿಯೂ ನೀರು ಕುಡುದರೆ ಭಾರವೇ.

ಮತ್ತೆ ಚಡ್ಡಿಯ ಒಳಂದ ಮೊಗಚ್ಚಿ ಹೊಲಿಗೆ ನೋಡಿ. ಇದು ನಮ್ಮ ವಿದ್ಯೆ, ಅಂಗುಡಿಯ ಮಾಣಿಗೆ ಗೊಂತಾಗ. ಕಾಲೆರಡು ಕೂಡುವ ದಿಕ್ಕೆ ಮೂರು ಸಾಲು ಹೊಲಿಗೆ ಇದ್ದರೆ ಬಾಳಿಕೆ ಬಕ್ಕು. ಒಂದೇ ಸಾಲಾದರೆ ಎರಡ್ನೇ ಅಲೆಗೆ ಹರಿಗು. ನೂಲಿನ ಕೊಡಿ ಹೆರ ನೇಲಿಯೊಂಡಿದ್ದರೆ ಬೇಡ. ಕಿಸೆಯ ಬುಡಲ್ಲಿ ನೀರು ಹೋಪಲೆ ಒಂದು ಒಟ್ಟೆ ಇರೆಕ್ಕು, ಇಲ್ಲದ್ರೆ ಕಿಸೆ ಕೊಡಪ್ಪಾನದ ಹಾಂಗೆ ತುಂಬುಗು. ಉದ್ದ, ಮೊಳಪ್ಪಿಂದ ರಜ ಮೇಲೆ ನಿಂದರೆ ಸಾಕು. ಕೆಳ ಬಂದರೆ ಚೆಂಡಿ ವಸ್ತ್ರ ಮೊಳಪ್ಪಿಂಗೆ ಅಂಟಿ ಎದ್ದು ನಿಂಬಲೆ ಕಷ್ಟ. ಕೂದು ಎದ್ದು ನೋಡಿಯೇ ತೆಗೆಯೆಕ್ಕು.

ಬಣ್ಣದ ವಿಷಯಲ್ಲಿ ಮಾತ್ರ ಮಕ್ಕಳ ಮಾತು ಕೇಳೆಡಿ. ನೀಲಿ, ಹಸಿರು, ಬೂದಿ ಬಣ್ಣ ಕಡಲಿಲಿ ಕಾಣ್ತಿಲ್ಲೆ. ಕೆಂಪೋ, ಕಿತ್ತಳೆಯೋ, ಕಣ್ಣಿಂಗೆ ಕುತ್ತುವ ಹಳದಿಯೋ ತೆಗೆಯಿರಿ. "ಪ್ರಾಯದವು ಹಾಕುವ ಬಣ್ಣವೋ ಇದು?" ಹೇಳಿ ಆರಾದರೂ ಕೇಳಿರೆ, ಕರೆಲಿ ನಿಂದ ಅಬ್ಬೆಗೆ ಅಲೆಯ ನೆಡುಕೆ ಮಗ° ಕಾಣೆಕ್ಕು ಹೇಳಿ ಹೇಳಿ. ಡ್ಯೂಕ್ ಕಹನಮೊಕು ಒಳಿಶಿದ್ದದು ಎಂಟು ಜೆನರ, ಆ ದೋಣಿಲಿ ಇದ್ದವು ಅದರಿಂದ ಹೆಚ್ಚು. ಮಳೆಗಾಲಲ್ಲಂತೂ ಚಡ್ಡಿ ಎಷ್ಟು ಒಳ್ಳೆದಾದರೂ ನಮ್ಮ ಕಡಲಿಂಗೆ ಇಳಿವಲಾಗ.

ಒಗವ ಕ್ರಮ: ಕಡಲಿಂದ ಬಂದಪ್ಪಗಳೇ ಬಾವಿ ನೀರಿಲಿ ಎರಡು ಸರ್ತಿ ಅದ್ದಿ ತೆಗೆಯಿರಿ. ಉಪ್ಪು ಒಣಗಿರೆ ವಸ್ತ್ರ ಸೆಟೆತ್ತು, ಹೊಲಿಗೆಯ ನೂಲು ತಿಂತು. ಬೆಶಿ ನೀರು ಬೇಡ, ಇಸ್ತ್ರಿ ಬೇಡ, ನೆರಳಿಲಿ ಒಣಗುಸಿ. ವೆಲ್ಕ್ರೋ ಇದ್ದರೆ ಒಗವ ಮದಲು ಅದರ ಮುಚ್ಚಿ ಅಂಟುಸಿ. ಇಲ್ಲದ್ರೆ ಒಟ್ಟಿಂಗೆ ಹಾಕಿದ ವಾಯಿಲ್ ಸೀರೆಯ ನೂಲಿನ ಎಳದು ಹಾಕುಗು.

ಕಡೆಗೊಂದು ಮಾತು. ನಮ್ಮ ನೆರೆಕರೆಲಿಯೂ ರವಕ್ಕೆ ಹೊಲಿವವು, ಸೀರೆಗೆ ಫಾಲ್ಸು ಹಾಕುವವು, ಮಕ್ಕಳ ಯೂನಿಫಾರ್ಮಿನ ಸರಿ ಮಾಡುವವು ಎಷ್ಟು ಜೆನ ಇದ್ದವು. ಅಡಿಗೆ ಮುಗುಶಿ, ಹಟ್ಟಿ ಕೆಲಸ ಆಗಿ, ಮಧ್ಯಾಹ್ನದ ಎರಡು ಗಂಟೆ ಮಿಶನಿನ ಎದುರು ಕೂಪವು. ಅವರ ಪೈಸೆ ಕೇಳುವಗ "ನಮ್ಮದೇ ಅಲ್ಲದೋ, ಮತ್ತೆ ಕೊಡ್ತೆ" ಹೇಳಿ ಹೋಪದು ನಮ್ಮಲ್ಲಿ ಅಭ್ಯಾಸ. "ಅದು ಮನೆಲೇ ಕೂದು ಮಾಡುದಲ್ಲದೋ" ಹೇಳಿಯೂ ಹೇಳುಗು. ಕ್ಯಾರಿ ಅಮ್ಮನೂ ಮನೆಲೇ ಕೂದು ಮಾಡಿದ್ದು. ಅವರ ಹೆಸರು ಚಡ್ಡಿಯ ಮೇಲೆ ಇದ್ದು, ಎಂತಕೆ ಹೇಳಿರೆ ಅವು ತನ್ನ ಹೆಸರಿನ ಅದಕ್ಕೆ ಹೊಲುದವು. ಕಪ ಬಡುದ ಹೆಮ್ಮಕ್ಕಳ ಹೆಸರು ಒಂದೂ ಒಳುದ್ದಿಲ್ಲೆ.

ಹಾಂಗಾಗಿ ಇನ್ನಾಣ ಸರ್ತಿ ಮಾಣಿಗೆ ಕಡಲ ಚಡ್ಡಿ ಬೇಕಾದರೆ, ಪೇಟೆಲಿ ಸಾವಿರಗಟ್ಲೆ ಕೊಡುವ ಮದಲು ನೆರೆಕರೆಯ ಹೊಲಿವವರ ಹತ್ರೆ ಒಂದರಿ ಕೇಳಿ. ಎರಡು ಪದರ ನೈಲಾನು, ಮೂರು ಸಾಲು ಹೊಲಿಗೆ, ಕಿಸೆಗೊಂದು ಒಟ್ಟೆ – ಹೊಲಿಗೆ ಗೊಂತಿಪ್ಪವಕ್ಕೆ ಇದು ಒಂದು ಮಧ್ಯಾಹ್ನದ ಕೆಲಸ. ಹೊಲುದು ಕೊಟ್ಟ ದಿನವೇ ಪೈಸೆ ಕೊಡಿ. ಸೊಂಟದ ಪಟ್ಟಿಯ ಒಳ, ಆರಿಂಗೂ ಕಾಣದ್ದಲ್ಲಿ ಆದರೂ ಅಕ್ಕು, ಅವರ ಹೆಸರಿನ ಎರಡು ಅಕ್ಷರ ಹೊಲಿವಲೆ ಹೇಳಿ.